ಸಣ್ಣ ಜಮೀನು ಮಾಡಿಕೊಂಡು ಬದುಕಲು ಮನೆಮಂದಿಯೊಂದಿಗೆ ಹೋಗಬೇಕು, ಜಾಗ ಆರಿಸುವುದು ಹೇಗೆ?

ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ತಂದೆ, ನೀವಿಬ್ಬರು. ಎರಡು ಎಕರೆಯಲ್ಲಿ ತರಕಾರಿ, ಹಣ್ಣು, ಎರಡು ಹಸು. ನೋಡಿಟ್ಟ ಜಾಗ ಎರಡು: ಒಂದು ಬೆಟ್ಟದ ಬುಡದಲ್ಲಿ ತೊರೆಯ ಪಕ್ಕ, ಪೇಟೆಗೆ ಒಂದೂವರೆ ಗಂಟೆ ದಾರಿ, ಇನ್ನೊಂದು ಬಯಲು, ಪೇಟೆಗೆ 20 ನಿಮಿಷ. ಮನಸ್ಸು ತೊರೆಯ ಕಡೆ ವಾಲಿದೆ ಎಂದು ಬರೆದಿದ್ದೀರಿ.

ಎರಡಕ್ಕೂ ಈಗಲೇ ಮುಂಗಡ ಕೊಡಬೇಡಿ. ಬೇಸಿಗೆ ಮುಗಿಯುವ ಹೊತ್ತಿಗೆ ಒಮ್ಮೆ, ಜಡಿಮಳೆಯಲ್ಲಿ ಒಮ್ಮೆ ಹೋಗಿ ನೋಡಿ. ಅದಕ್ಕೂ ಮೊದಲು ಕೊಂಡರೆ ಏನಾಗುತ್ತದೆ ಎಂಬುದನ್ನು ನಾವು ಅನುಭವಿಸಿದ್ದೇವೆ.

ನಾವು ಮೊದಲ ಜಮೀನು ನೋಡಿದ್ದು ಮಳೆಗಾಲ ಆಗಷ್ಟೇ ಮುಗಿದಿದ್ದಾಗ. ಮೊಣಕಾಲುದ್ದ ಹುಲ್ಲು, ತುಂಬಿ ಹರಿಯುವ ತೊರೆ, ಕೈಗೆ ಎಟುಕುವಷ್ಟು ಮೇಲಿದ್ದ ಬಾವಿಯ ನೀರು. ಅದೇ ದಿನ ಮಾತು ಕೊಟ್ಟು ಬಂದೆವು. ಐದು ತಿಂಗಳಿಗೆ ತೊರೆಯಲ್ಲಿ ಉಳಿದದ್ದು ಬರೀ ಕಲ್ಲು. ಪಂಪು ಹಾಕಿದರೆ ಇಪ್ಪತ್ತು ನಿಮಿಷಕ್ಕೆ ಗಾಳಿ ಎಳೆಯುತ್ತಿತ್ತು, ಮತ್ತೆ ಒರತೆ ತುಂಬಲು ಮೂರು ಗಂಟೆ ಕಾಯಬೇಕು. ಎರಡನೇ ಬೇಸಿಗೆಯಲ್ಲಿ ಹಸುಗಳನ್ನು ಮಾರಿದೆವು. ಮಕ್ಕಳು ಅವಕ್ಕೆ ಹೆಸರಿಟ್ಟಿದ್ದರು. ಮೂರನೇ ವರ್ಷ ಜಮೀನನ್ನೇ ಬಿಟ್ಟೆವು.

ಆದ್ದರಿಂದ ನೀರನ್ನು ಕಣ್ಣಂದಾಜಿನಲ್ಲಿ ನೋಡಬೇಡಿ, ಲೆಕ್ಕ ಹಾಕಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಬಿಸಿಲುಗಾಲದಲ್ಲಿ ತರಕಾರಿ ಬೆಳೆಗೆ ದಿನಕ್ಕೆ ಸುಮಾರು 5 ಮಿಲಿಮೀಟರ್ ಬೇಕು ಅಂದುಕೊಳ್ಳಿ. ಕಾಲು ಎಕರೆ ಎಂದರೆ ಸರಿಸುಮಾರು 1,000 ಚದರ ಮೀಟರ್. ಅಲ್ಲಿಗೆ ದಿನಕ್ಕೆ 5,000 ಲೀಟರ್. ಹಾಲು ಕೊಡುವ ಹಸು ಸೆಕೆಯಲ್ಲಿ 100 ಲೀಟರ್‌ವರೆಗೂ ಕುಡಿಯಬಲ್ಲದು, ಎರಡಕ್ಕೆ 200. ಐದು ಜನರ ಮನೆಬಳಕೆಗೆ 500 ಲೀಟರ್ ಹಿಡಿಯಿರಿ. ಎಲ್ಲ ಸೇರಿ 5,700. ಇನ್ನು ಬಾವಿಯ ಬಳಿ 20 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 1,200 ಲೀಟರ್, ಐದು ಗಂಟೆಗೆ 6,000. ಕಾಲು ಎಕರೆಗೇ ಇಷ್ಟು ಬೇಕು ಎಂಬುದನ್ನು ಗಮನಿಸಿ, ನಿಮ್ಮದು ಎರಡು ಎಕರೆಯ ಯೋಚನೆ. ಪಂಪನ್ನು ಹತ್ತು ನಿಮಿಷ ಓಡಿಸಿ ತೋರಿಸಿದರೆ ಒಪ್ಪಬೇಡಿ. ನಾಲ್ಕೈದು ಗಂಟೆ ಓಡಲಿ. ನೀರು ಎಷ್ಟು ಇಳಿಯಿತು, ಮತ್ತೆ ಮೇಲೇರಲು ಎಷ್ಟು ಹೊತ್ತು ಹಿಡಿಯಿತು, ಎರಡನ್ನೂ ಬರೆದಿಟ್ಟುಕೊಳ್ಳಿ. ಈ ಪರೀಕ್ಷೆ ಬೇಸಿಗೆಯ ಕೊನೆಯಲ್ಲೇ ಆಗಬೇಕು.

ಅದೇ ನೀರನ್ನು ಪ್ರಯೋಗಾಲಯಕ್ಕೂ ಕೊಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕುದಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ಇವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಇವುಗಳ ಸಾಂದ್ರತೆ ಹೆಚ್ಚುತ್ತದೆ.

ಮಣ್ಣಿನ ಬಗ್ಗೆ ಜನ ಅತಿಯಾಗಿ ಚಿಂತಿಸುತ್ತಾರೆ ಅನಿಸುತ್ತದೆ ನನಗೆ. ಹುಳಿ ಮಣ್ಣಿಗೆ ಸುಣ್ಣ ಹಾಕಬಹುದು, ಸಾರವಿಲ್ಲದ ಮಣ್ಣಿಗೆ ವರ್ಷವರ್ಷ ಗೊಬ್ಬರ ಕೊಡಬಹುದು. ಬದಲಿಸಲಾಗದ್ದು ಆಳ. ನಾಲ್ಕು ಕಡೆ ಗುಂಡಿ ತೋಡಿಸಿ. ಒಂದಡಿಗೇ ಬಂಡೆ ಸಿಕ್ಕರೆ ಹಣ್ಣಿನ ಗಿಡದ ಆಸೆ ಬಿಡಬೇಕು. ಅದೇ ಗುಂಡಿಗೆ ನೀರು ತುಂಬಿಸಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ ಅಳೆಯಿರಿ. ಗಂಟೆಗೆ ಮೂರರಿಂದ ಏಳೆಂಟು ಸೆಂಟಿಮೀಟರ್ ಇಳಿದರೆ ಒಳ್ಳೆಯದು. ಮಾರನೇ ದಿನವೂ ನೀರು ನಿಂತೇ ಇದ್ದರೆ ಅದು ಜವುಳು, ಬೇರು ಕೊಳೆಯುತ್ತದೆ. ಚಳಿ ಹೆಚ್ಚಿರುವ ಸೀಮೆಯಾದರೆ ಇನ್ನೊಂದು ಮಾತು: ರಾತ್ರಿಯ ತಣ್ಣನೆ ಗಾಳಿ ನೀರಿನ ಹಾಗೆಯೇ ಕೆಳಕ್ಕೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ತೊರೆಯ ಪಕ್ಕದ ಗಿಡಗಳೇ ಮೊದಲು ಸುಟ್ಟುಹೋಗುತ್ತವೆ, ಇಳಿಜಾರಿನ ನಡುಭಾಗ ಬದುಕಿಕೊಳ್ಳುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಮನೆಯವರ ದಿನಚರಿ ಕೂಡಿಬರದಿದ್ದರೆ ಆ ಜಾಗ ನಿಲ್ಲುವುದಿಲ್ಲ. ನೀವು ದೂರ ಅಳೆದಿದ್ದೀರಿ, ಓಡಾಟ ಅಳೆದಿಲ್ಲ. ಶಾಲೆ 20 ನಿಮಿಷ ದೂರವಿದ್ದರೆ ಮಕ್ಕಳಿಗೆ ದಿನಕ್ಕೆ 40 ನಿಮಿಷ, ಬಿಟ್ಟುಬರುವವರಿಗೆ 80. ಶಾಲೆ ಮುಕ್ಕಾಲು ಗಂಟೆ ದೂರವಾದರೆ ನಿಮ್ಮಿಬ್ಬರಲ್ಲಿ ಒಬ್ಬರ ಮೂರು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ, ಅದರಲ್ಲಿ ಅರ್ಧ ಹಾಲು ಕರೆಯುವ, ನೀರು ಹಾಯಿಸುವ ಬೆಳಗಿನ ಹೊತ್ತಿನಲ್ಲೇ. ನನ್ನ ಯಜಮಾನರು ಎರಡು ವರ್ಷ ಹೀಗೆ ಓಡಾಡಿದರು. ಗದ್ದೆ ಕೆಲಸವೆಲ್ಲ ನನ್ನ ಮೇಲೆ ಬಿತ್ತು, ನಾವಿಬ್ಬರು ಕೂತು ಮಾತಾಡುವುದೇ ನಿಂತುಹೋಗಿತ್ತು. ಮಕ್ಕಳ ಈಗಿನ ಶಾಲೆಯಷ್ಟೇ ಅಲ್ಲ, ಐದು ವರ್ಷದ ನಂತರ ಅವರು ಹೋಗಬೇಕಾದ ಶಾಲೆ ಎಲ್ಲಿದೆ ಎಂಬುದನ್ನೂ ಈಗಲೇ ನೋಡಿ.

ತಂದೆಯವರ ವಿಷಯ ಬರೆಯುವಾಗ ಕೈ ತಡೆಯುತ್ತದೆ. ಒಂದು ಮಳೆ ರಾತ್ರಿ ನಮ್ಮ ಅತ್ತೆಗೆ ಉಸಿರು ಕಟ್ಟಿತು. ಹಗಲಲ್ಲಿ ಒಂದು ಗಂಟೆಯ ದಾರಿ ಅಂದು ಮೂರು ಗಂಟೆ ಹಿಡಿಯಿತು, ಏಕೆಂದರೆ ಮನೆಯಿಂದ ಟಾರು ರಸ್ತೆಯವರೆಗಿನ ಮಣ್ಣುದಾರಿ ಕೆಸರಾಗಿತ್ತು. ಅತ್ತೆ ಉಳಿದುಕೊಂಡರು. ಆ ಮನೆಗೆ ಮತ್ತೆ ಬರಲು ಮಾತ್ರ ಒಪ್ಪಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಆಸ್ಪತ್ರೆಗೆ ಎಷ್ಟು ಹೊತ್ತು ಎಂಬುದನ್ನು ಮಳೆಯಲ್ಲಿ, ರಾತ್ರಿ, ನೀವೇ ಗಾಡಿ ಓಡಿಸಿ ತಿಳಿದುಕೊಳ್ಳಿ. ಫೋನ್ ಸಿಗ್ನಲ್ ರಸ್ತೆಯಲ್ಲಿ ಸಿಕ್ಕರೆ ಸಾಲದು, ಮನೆಯೊಳಗೆ, ತಂದೆಯವರು ಮಲಗುವ ಕೋಣೆಯಲ್ಲಿ ಸಿಗಬೇಕು.

ಪತ್ರಗಳನ್ನು ವಕೀಲರಿಗೆ ತೋರಿಸುತ್ತೀರಿ, ಅದು ಸರಿ. ಜೊತೆಗೆ ಜಮೀನಿಗೆ ಹೋಗುವ ದಾರಿಯ ಹಕ್ಕು ಬರಹದಲ್ಲಿದೆಯೇ ಎಂದು ಕೇಳಿ. "ಎಲ್ಲರೂ ಇಲ್ಲೇ ಓಡಾಡುತ್ತಾರೆ" ಎಂಬ ಬಾಯಿಮಾತು ಮುಂದೊಂದು ದಿನ ಬೇಲಿಯಾಗಬಹುದು. ಅಕ್ಕಪಕ್ಕದ ರೈತರೊಡನೆ, ಮಾರುವವರು ಇಲ್ಲದಿರುವಾಗ, ಕೂತು ಮಾತಾಡಿ. ಬರ ಬಂದ ವರ್ಷ ಯಾರ ಬಾವಿಯಲ್ಲಿ ನೀರಿತ್ತು, ಬೆಳೆದದ್ದನ್ನು ಎಲ್ಲಿ ಮಾರುತ್ತಾರೆ, ಹೊರಗಿಂದ ಬಂದು ನೆಲೆಸಿದವರು ಇನ್ನೂ ಇದ್ದಾರೆಯೇ. ಈ ಕೊನೆಯ ಪ್ರಶ್ನೆಯಿಂದ ನನಗೆ ತಿಳಿದಷ್ಟು ಬೇರೆ ಯಾವುದರಿಂದಲೂ ತಿಳಿದಿಲ್ಲ.

ಎರಡನೇ ಸಲ ನಾವು ಊರು ಆರಿಸಿ, ಅಲ್ಲೊಂದು ಬಾಡಿಗೆ ಮನೆ ಹಿಡಿದು ಒಂದು ವರ್ಷ ಇದ್ದೆವು, ಆಮೇಲೆ ಜಮೀನು ಹುಡುಕಿದೆವು. ಈಗಿನದು ಬಯಲು, ನೋಡಲು ಅಂಥ ಚೆಂದವೇನಿಲ್ಲ, ಅರ್ಧದಷ್ಟೇ ವಿಸ್ತೀರ್ಣ. ಎಂಟು ವರ್ಷವಾಯಿತು. ನಿಮ್ಮ ಜಾಗದಲ್ಲಿ ನಾನಿದ್ದರೆ, ನೀರಿನ ಪರೀಕ್ಷೆ ಗೆದ್ದರೆ, ಬಯಲಿನದನ್ನೇ ಆರಿಸುತ್ತಿದ್ದೆ. ತೊರೆಯ ಜಾಗ ಮನಸ್ಸು ಬಿಡುತ್ತಿಲ್ಲವಾದರೆ ಬೇಸಿಗೆಯ ಕೊನೆಯ ವಾರ ತಂದೆಯವರನ್ನೂ ಕರೆದುಕೊಂಡು ಹೋಗಿ, ಗೇಟಿನಿಂದ ಬಾವಿಯವರೆಗೆ ಅವರ ಜೊತೆ ನಡೆದು ನೋಡಿ.