ಆರಿದ್ರಾ ಸಿಡಿದಿಲ್ಲ, ಮಳೆಯೂ ಎಲ್ಲೂ ಹೋಗಿಲ್ಲ

ಪ್ರಶ್ನೆ: ಆರಿದ್ರಾ ನಕ್ಷತ್ರ ಮಂಕಾಗಿದೆ, ಇನ್ನೇನು ಸಿಡಿಯುತ್ತದೆ ಅನ್ನುವ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಬಂದಿದೆ. ನಕ್ಷತ್ರವೇ ಹೋದರೆ ಆರಿದ್ರಾ ಮಳೆಯ ಗತಿ ಏನು ಸರ್? ಶಾಂತಿ ಮಾಡಿಸಬೇಕು ಅಂತ ಒಬ್ಬರು 5 ಸಾವಿರ ಕೇಳುತ್ತಿದ್ದಾರೆ. (ರೋಣ ತಾಲ್ಲೂಕಿನ ರೈತರು)

ಉತ್ತರ: ಯಜಮಾನರೇ, ಆ 5 ಸಾವಿರ ಬೀಜಕ್ಕೆ, ಗೊಬ್ಬರಕ್ಕೆ ಇರಲಿ. ಯಾರಿಗೂ ಕೊಡಬೇಡಿ. 2020ರಿಂದ ಈ ಪ್ರಶ್ನೆ ನನಗೆ ಬರುತ್ತಲೇ ಇದೆ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಹೆದರಿಸಿ ದುಡ್ಡು ಕೀಳುವವರ ಮೇಲೆ ಇದೆ.

ಮಂಕಾಗಿದ್ದಂತೂ ನಿಜ. 2019ರ ಕೊನೆಗೆ ಶುರುವಾಯಿತು. 2020ರ ಫೆಬ್ರುವರಿಗೆ ಅದರ ಬೆಳಕು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಧಾರವಾಡದ ಕೆಲಗೇರಿ ಕೆರೆ ದಂಡೆಯಲ್ಲಿ ನಿಂತು ಮಕ್ಕಳಿಗೆ ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಯಾವಾಗಲೂ ಕೆಂಪಗೆ ಎದ್ದು ಕಾಣುವ ಚುಕ್ಕೆ ಅದು. ಆ ಚಳಿಗಾಲ ಮಾತ್ರ ಪಕ್ಕದ ಬೆಲ್ಲಾಟ್ರಿಕ್ಸ್ ಎಂಬ ಚುಕ್ಕೆಗೂ ಇದಕ್ಕೂ ಹೆಚ್ಚುಕಡಿಮೆ ಕಾಣಲಿಲ್ಲ.

ಆದರೆ ಕಣ್ಣಿಗೆ ಕಾಣುವ ಬೆಳಕು ಲೆಕ್ಕದ ಒಂದು ಭಾಗ ಅಷ್ಟೇ. ಒಲೆಯ ಮೇಲಿನ ರೊಟ್ಟಿ ಹಂಚು ನೆನಪಿಸಿಕೊಳ್ಳಿ. ಹಂಚು ಕಪ್ಪಗೇ ಇರುತ್ತದೆ. ಅಂಗೈಯನ್ನು ಒಂದು ಗೇಣು ದೂರದಲ್ಲಿ ಹಿಡಿದರೂ ಝಳ ತಟ್ಟುತ್ತದೆ. ಆ ಝಳದಲ್ಲಿ ದೊಡ್ಡ ಪಾಲು ಇನ್‌ಫ್ರಾರೆಡ್, ಅಂದರೆ ಅವಕೆಂಪು ಕಿರಣ. ಖಗೋಳಜ್ಞ ವಿಲಿಯಂ ಹರ್ಷಲ್ 1800ರಲ್ಲಿ ಇದನ್ನು ಪತ್ತೆ ಮಾಡಿದ್ದೂ ಹೀಗೇ. ಪಟ್ಟಕದಿಂದ ಬಿದ್ದ ಬಣ್ಣಗಳಲ್ಲಿ ಕೆಂಪು ಮುಗಿದ ಮೇಲೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟ. ಪಾದರಸ ಏರಿತು.

ಆರಿದ್ರಾದ ಮೈ ಸೂರ್ಯನಷ್ಟು ಬಿಸಿ ಇಲ್ಲ. ಸುಮಾರು 3,300 ಡಿಗ್ರಿ ಸೆಲ್ಸಿಯಸ್. ಹಾಗಾಗಿ ಅದು ಹೊರಗೆ ಬಿಡುವ ಶಕ್ತಿಯಲ್ಲಿ ಜಾಸ್ತಿ ಪಾಲು ಅವಕೆಂಪಿನದೇ. 2020ರ ಫೆಬ್ರುವರಿಯಲ್ಲಿ, ಅದು ತೀರಾ ಮಂಕಾಗಿದ್ದಾಗಲೇ, ಅಮೆರಿಕದ ಮಿನ್ನೆಸೋಟಾದ ಖಗೋಳಜ್ಞರು ಅವಕೆಂಪಿನಲ್ಲಿ ಅಳೆದು ನೋಡಿದರು. ಸುಮಾರು 50 ವರ್ಷದ ಹಿಂದಿನ ಅಳತೆಯೇ ಬಂತು! ಒಲೆ ಆರಿದ್ದರೆ ಝಳವೂ ಇಳಿಯಬೇಕಿತ್ತು ಅಲ್ವಾ? ಇಳಿದಿರಲಿಲ್ಲ.

ಹಾಗಾದರೆ ಆಗಿದ್ದೇನು? ನಕ್ಷತ್ರ ಒಂದಷ್ಟು ಅನಿಲವನ್ನು ಉಗುಳಿತು. ಅದು ದೂರ ಹೋಗಿ ತಣ್ಣಗಾಗಿ ದೂಳಾಯಿತು. ಆ ದೂಳು ನಮಗೂ ನಕ್ಷತ್ರಕ್ಕೂ ನಡುವೆ ಅಡ್ಡ ನಿಂತಿತು. ನಕ್ಷತ್ರದ ಮೈಯ ಒಂದು ಭಾಗ ತುಸು ತಣ್ಣಗೂ ಆಗಿತ್ತು. ಚಿಲಿ ದೇಶದ ದೊಡ್ಡ ದೂರದರ್ಶಕ ತೆಗೆದ ಚಿತ್ರದಲ್ಲಿ ದಕ್ಷಿಣದ ಭಾಗ ಮಾತ್ರ ಕಪ್ಪಿಟ್ಟಿದೆ. ದೂಳು ಕಾಣುವ ಬೆಳಕನ್ನು ತಡೆಯುತ್ತದೆ. ಅವಕೆಂಪನ್ನು ಅಷ್ಟಾಗಿ ತಡೆಯುವುದಿಲ್ಲ. ತಾನೂ ಕಾದು ಅವಕೆಂಪನ್ನೇ ಸೂಸುತ್ತದೆ. ಎರಡೂ ಬೆಳಕಿನಲ್ಲಿ ನೋಡಿದ್ದಕ್ಕೇ ಈ ಗುಟ್ಟು ಬಯಲಾಗಿದ್ದು. ಕೆಲವೇ ತಿಂಗಳಲ್ಲಿ ಚುಕ್ಕೆ ಮೊದಲಿನಂತಾಯಿತು. ಅದನ್ನು ಯಾವ ವಿಡಿಯೊದವರೂ ಹೇಳಲಿಲ್ಲ.

ಒಂದು ದಿನ ಅದು ಸಿಡಿಯುವುದು ಖಂಡಿತ. ಅದಕ್ಕೆ ಇನ್ನೂ ಸುಮಾರು 1 ಲಕ್ಷ ವರ್ಷ ಇದೆ ಎಂಬುದು ಹೆಚ್ಚಿನವರ ಲೆಕ್ಕ. ಸಿಡಿದರೂ ಅದು ಇರುವುದು 500 ಜ್ಯೋತಿರ್ವರ್ಷಕ್ಕೂ ಆಚೆ. ಹಗಲಲ್ಲೂ ಕಾಣುವಷ್ಟು ಹೊಳೆಯುತ್ತದೆ, ಭೂಮಿಗೆ ಕೇಡಿಲ್ಲ.

ಈಗ ಮಳೆ. "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ" ಅಂದ ಹಿರಿಯರ ಲೆಕ್ಕ ತಪ್ಪಲ್ಲ. ಅದು ಪಂಚಾಂಗದ ಲೆಕ್ಕ. ಜೂನ್ 21–22ರ ಹೊತ್ತಿಗೆ ಸೂರ್ಯ ಆಕಾಶದಲ್ಲಿ ಆ ನಕ್ಷತ್ರದ ದಿಕ್ಕಿಗೆ ಬರುತ್ತಾನೆ. ಅದಕ್ಕೇ ಆ ಹೆಸರು. ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಕಾಣುವುದೇ ಇಲ್ಲ, ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ. ಮಳೆ ತರುವುದು ಮುಂಗಾರು ಗಾಳಿ. ನೀವು ಹದ ನೋಡಿ ಹೆಸರು ಬಿತ್ತಿ.

ಪ್ರಶ್ನೆ: ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳ ಬಣ್ಣ ಸುಳ್ಳಂತೆ, ಹೌದಾ? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಸುಳ್ಳಲ್ಲ. ಹಾರ್ಮೋನಿಯಂನ ಕಾಳಿ ಒಂದರಲ್ಲಿ ಹಾಡಿದ್ದನ್ನು ಕಾಳಿ ಐದರಲ್ಲಿ ಹಾಡಿದರೆ ರಾಗ ಬದಲಾಗುತ್ತದಾ? ಇದೂ ಹಾಗೇ. ವೆಬ್ ನೋಡುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಅವಕೆಂಪಿನಲ್ಲಿ. ಅದರಲ್ಲಿ ಉದ್ದ ಅಲೆಗೆ ಕೆಂಪು, ಗಿಡ್ಡ ಅಲೆಗೆ ನೀಲಿ ಕೊಡುತ್ತಾರೆ. ಕ್ರಮ ಕೆಡುವುದಿಲ್ಲ.

ಪ್ರಶ್ನೆ: ನಕ್ಷತ್ರಕ್ಕೆ ಮಗಳ ಹೆಸರಿಡಲು ದುಡ್ಡು ಕಟ್ಟಬಹುದಾ? (ಹಾನಗಲ್)

ಉತ್ತರ: ಬೇಡ. ನಕ್ಷತ್ರದ ಹೆಸರು ಮಾರಾಟಕ್ಕಿಲ್ಲ, ಆ ಸರ್ಟಿಫಿಕೇಟ್ ಬರೀ ಕಾಗದ.

ಪ್ರಶ್ನೆ: ನಮ್ಮ ಮನೆ ತಾರಸಿಯಿಂದ ಅವಕೆಂಪು ಅಧ್ಯಯನ ಮಾಡಬಹುದಾ? (ಬಿಎಸ್ಸಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಬಹಳ ಕಷ್ಟ ತಂಗಿ. ಗಾಳಿಯ ತೇವ ಅವಕೆಂಪಿನ ದೊಡ್ಡ ಪಾಲನ್ನು ನುಂಗುತ್ತದೆ. ಅದಕ್ಕೇ ನಮ್ಮ ದೇಶದ, 2 ಮೀಟರ್ ಅಗಲದ ಕನ್ನಡಿಯ ‘ಹಿಮಾಲಯನ್ ಚಂದ್ರ’ ದೂರದರ್ಶಕವನ್ನು ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಒಣ ಜಾಗದಲ್ಲಿ ಇಟ್ಟಿದ್ದಾರೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ. ಆದರೆ ಕಾಣುವ ಬೆಳಕಿನ ಕೆಲಸ ತಾರಸಿಯಿಂದಲೂ ಆಗುತ್ತದೆ, ದೂರದರ್ಶಕವೂ ಬೇಡ. ಜನವರಿಯಲ್ಲಿ ರಾತ್ರಿ 8ಕ್ಕೆ ಪೂರ್ವಕ್ಕೆ ತಿರುಗಿ ನಿಲ್ಲು. ಆರಿದ್ರಾ ಆವತ್ತು ರೋಹಿಣಿಗಿಂತ ಜಾಸ್ತಿ ಹೊಳೆಯುತ್ತಿದೆಯೋ, ಕಡಿಮೆಯೋ, ಸಮವೋ? ತಾರೀಖು, ಹೊತ್ತು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡು. ಒಂದು ಚಳಿಗಾಲ ಪೂರ್ತಿ ಬರೆದ ಮೇಲೆ ಆ ನೋಟ್‌ಬುಕ್ ನನಗೆ ತೋರಿಸು.