ವೃದ್ಧಾಶ್ರಮದಲ್ಲಿ ಆಯಾಗಳು ನಮ್ಮ ಅಮ್ಮನನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ?

ನಿಮ್ಮ ಅಮ್ಮನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದೆ. ಮನೆಯಲ್ಲಿ ಎತ್ತಿ ಇಳಿಸುವವರಿಲ್ಲ. ದಾವಣಗೆರೆಯಲ್ಲೇ ಒಂದು ವೃದ್ಧಾಶ್ರಮಕ್ಕೆ ಸೇರಿಸೋಣ ಅಂತಿದ್ದೀರಿ, ಅಲ್ಲಿಯ ಆಯಾಗಳು ಏನೇನು ಮಾಡುತ್ತಾರೆ, ಸರಿಯಾಗಿ ನೋಡಿಕೊಳ್ಳುತ್ತಿದ್ದಾರೆ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದೀರಿ. ನಾನು ಇದೇ ಊರಿನಲ್ಲಿ 11 ವರ್ಷದಿಂದ ಆಯಾ ಕೆಲಸ ಮಾಡುತ್ತಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಸ್ನಾನ. ನೋಡುವವರಿಗೆ ಅದು ನೀರು ಹಾಕಿ ಒರೆಸುವ ಕೆಲಸ. ನಮಗೆ ಅದು ಮೈಯೆಲ್ಲ ನೋಡುವ ಹೊತ್ತು. ಮಲಗಿದಲ್ಲೇ ಇರುವವರಿಗೆ ಹಾಸಿಗೆ ಹುಣ್ಣು ಬೇಗ ಆಗುತ್ತೆ. ಬೆನ್ನ ಕೆಳಗಿನ ಮೂಳೆ, ಸೊಂಟದ ಎರಡು ಕಡೆ, ಹಿಮ್ಮಡಿ, ಮೊಣಕೈ, ಈ ಜಾಗಗಳನ್ನು ದಿನಾ ನೋಡಲೇಬೇಕು. ಕೆಂಪಗಾದ ಕಡೆ ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ಬಿಳಚಿಕೊಂಡು ಮತ್ತೆ ಬರಬೇಕು. ಹಾಗೆ ಬಿಳಚಿಕೊಳ್ಳದೆ ಕೆಂಪಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಮೈಬಣ್ಣ ಕಪ್ಪಗಿದ್ದವರಲ್ಲಿ ಕೆಂಪು ಕಾಣುವುದೇ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಆ ಜಾಗ ಜಾಸ್ತಿ ಕಪ್ಪಾಗಿರುತ್ತೆ, ಮುಟ್ಟಿದರೆ ಬೆಚ್ಚಗೋ ಗಟ್ಟಿಯಾಗೋ ಇರುತ್ತೆ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು, ತಿಕ್ಕಿದರೆ ಇನ್ನೂ ಕೆಡುತ್ತೆ. ಆ ಜಾಗದ ಮೇಲೆ ಭಾರ ಬೀಳದ ಹಾಗೆ ಮಗ್ಗುಲು ಬದಲಿಸಿ ಮಲಗಿಸಬೇಕು, ಸಿಸ್ಟರ್‌ಗೆ ಹೇಳಬೇಕು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಪ್ಪು ಮಾಡಿದೆ. ಚಳಿಗಾಲ. ಒಬ್ಬ ಅಜ್ಜಿಗೆ ಸಕ್ಕರೆ ಕಾಯಿಲೆ, ಕಾಲಿಗೆ ಸ್ಪರ್ಶ ಕಡಿಮೆ. ಕಾಲುಚೀಲ ಹಾಕಿಕೊಂಡೇ ಇರುತ್ತಿದ್ದರು. ಬೆಚ್ಚಗಿರಲಿ ಅಂತ ನಾನು ಮೂರು ದಿನ ಅದನ್ನು ಬಿಚ್ಚಲೇ ಇಲ್ಲ. ನಾಲ್ಕನೇ ದಿನ ಬಿಚ್ಚಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಅಜ್ಜಿಗೆ ನೋವೇ ಗೊತ್ತಾಗಿರಲಿಲ್ಲ. ಆ ಗಾಯ ಮಾಯಲು ಎರಡು ತಿಂಗಳ ಮೇಲೆ ಹಿಡಿಯಿತು. ಅವರು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಜಾಸ್ತಿ ಸಂಕಟ ಆಗಿದ್ದು. ಈಗ ಯಾರ ಕಾಲಲ್ಲಿ ಕಾಲುಚೀಲ ಕಂಡರೂ ಬಿಚ್ಚಿ, ಬೆರಳ ಸಂದಿ ಸಮೇತ ನೋಡುತ್ತೇನೆ.

ಮಗ್ಗುಲು ಬದಲಿಸುವುದನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಾಡುತ್ತೇವೆ. ರಾತ್ರಿಯೂ ಅಷ್ಟೇ. ಅದಕ್ಕೇ ನೀವು ಆಶ್ರಮ ನೋಡಲು ಹೋದಾಗ ಹಗಲು ಎಷ್ಟು ಜನ ಆಯಾಗಳಿದ್ದಾರೆ ಅಂತ ಕೇಳಿ ಸುಮ್ನಾಗಬೇಡಿ. ರಾತ್ರಿ ಎಷ್ಟು ಜನ, ಅವರು ಎಷ್ಟು ಹಾಸಿಗೆ ನೋಡುತ್ತಾರೆ ಅಂತ ಕೇಳಿ. ರಾತ್ರಿ ಒಬ್ಬಳೇ ಒಬ್ಬಳಿಗೆ ಮೂವತ್ತು ಜನರನ್ನು ಒಪ್ಪಿಸಿದ್ದರೆ, ಅವಳು ಎಷ್ಟೇ ಒಳ್ಳೆಯವಳಾಗಿರಲಿ, ಎಲ್ಲರ ಮಗ್ಗುಲು ಬದಲಿಸಲು ಆಗಲ್ಲ. ನನ್ನ ಪ್ರಕಾರ ಕಟ್ಟಡ, ತೋಟ, ಟಿವಿ ಎಲ್ಲಕ್ಕಿಂತ ಇದೊಂದು ಪ್ರಶ್ನೆ ಮುಖ್ಯ.

ನಿಮ್ಮ ಅಮ್ಮನಿಗೆ ಎಡಭಾಗ ಬಿದ್ದಿರುವುದರಿಂದ ಇನ್ನೂ ಕೆಲವು ವಿಷಯ ಗಮನಿಸಿ. ರವಿಕೆಯೋ ನೈಟಿಯೋ ಹಾಕುವಾಗ ಬಿದ್ದ ಕೈಯ ತೋಳು ಮೊದಲು. ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು. ಎಬ್ಬಿಸುವಾಗ ಬಿದ್ದ ಕೈ ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರುತ್ತೆ. ಸೊಂಟಕ್ಕೆ ಆಸರೆ ಕೊಟ್ಟು ಎಬ್ಬಿಸಬೇಕು. ವೀಲ್‌ಚೇರನ್ನು ಚೆನ್ನಾಗಿರುವ ಕಡೆಗೆ ಇಟ್ಟು, ಬ್ರೇಕ್ ಹಾಕಿ, ಆಮೇಲೆ ಕೂರಿಸಬೇಕು. ಒಬ್ಬ ಆಯಾ ಇದನ್ನು ಮಾಡುವುದನ್ನು ಐದು ನಿಮಿಷ ನಿಂತು ನೋಡಿ, ಅವಳಿಗೆ ಕೆಲಸ ಕಲಿಸಿದ್ದಾರೋ ಇಲ್ಲವೋ ಗೊತ್ತಾಗುತ್ತೆ. ಡೈಪರ್ ಬದಲಿಸುವಾಗ ಪರದೆ ಎಳೆಯುತ್ತಾರಾ, "ಅಮ್ಮಾ, ಈಗ ಸ್ವಲ್ಪ ಹೊರಳಿಸ್ತೀನಿ" ಅಂತ ಹೇಳಿ ಮುಟ್ಟುತ್ತಾರಾ, ಅದನ್ನೂ ನೋಡಿ. ಮಾತು ನಿಂತವರಿಗೂ ನಾಚಿಕೆ ಇರುತ್ತೆ.

ಊಟ ಇನ್ನೂ ಸೂಕ್ಷ್ಮ. ಲಕ್ವ ಆದ ಹಲವರಿಗೆ ನುಂಗುವುದು ಕಷ್ಟ. ಗಂಜಿಗಿಂತ ತೆಳ್ಳಗಿನ ನೀರೇ ಜಾಸ್ತಿ ಕೆಮ್ಮು ತರಿಸುತ್ತೆ, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ನೆಟ್ಟಗೆ ಕೂರಿಸಿ, ಚಿಕ್ಕ ಚಿಕ್ಕ ತುತ್ತು, ಚೆನ್ನಾಗಿರುವ ಕಡೆಯ ದವಡೆಗೆ ಕೊಡಬೇಕು. ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಊಟ ಆದಮೇಲೆ ಬಿದ್ದ ಕಡೆಯ ಕೆನ್ನೆಯೊಳಗೆ ಅನ್ನ ಉಳಿದಿದೆಯಾ ನೋಡಬೇಕು, ಅಲ್ಲಿದ್ದರೆ ಅವರಿಗೆ ಗೊತ್ತೇ ಆಗಲ್ಲ. ಉಂಡ ತಕ್ಷಣ ಮಲಗಿಸಬಾರದು, ಅರ್ಧ ಗಂಟೆಯಾದರೂ ಕೂರಿಸಿರಬೇಕು. ಇಲ್ಲದಿದ್ದರೆ ಅನ್ನ ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು.

ನಮ್ಮೂರಿನ ಬೇಸಿಗೆ ಗೊತ್ತಲ್ಲ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗಲ್ಲ. ಪದೇ ಪದೇ ಎದ್ದು ಹೋಗಬೇಕಲ್ಲ ಅಂತ ಬೇಕಂತಲೇ ನೀರು ಬಿಡುವವರೂ ಇದ್ದಾರೆ. ನೆನಪಿಟ್ಟು ನಾವೇ ಕುಡಿಸಬೇಕು. ನಿನ್ನೆಯವರೆಗೆ ಸರಿ ಮಾತಾಡುತ್ತಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಬಡಬಡಿಸಿದರೆ ಅರಳು ಮರಳು ಅಂತ ಬಿಡಬಾರದು. ಎಷ್ಟೋ ಸಲ ಅದು ಮೂತ್ರದ ಸೋಂಕು. ಡಾಕ್ಟರಿಗೆ ತೋರಿಸಿದರೆ ವಾಸಿಯಾಗುತ್ತೆ.

ನಿಜವಾದ ಮರೆವಿನ ಕಾಯಿಲೆ ಬೇರೆ. ನಮ್ಮಲ್ಲಿ ಒಬ್ಬ ಅಜ್ಜ ಇದ್ದಾರೆ, ವಯಸ್ಸಿನಲ್ಲಿ ಇಲ್ಲಿಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ಬೆಳಗಿನ ಜಾವ ಎದ್ದು "ಪಾಳಿಗೆ ಹೊತ್ತಾತು, ನನ್ನ ಡಬ್ಬಿ ಎಲ್ಲೈತಿ?" ಅಂತ ಬಾಗಿಲ ಹತ್ತಿರ ಹೋಗುತ್ತಾರೆ. ಮಿಲ್ಲು ಈಗಿಲ್ಲ ಅಂತ ಒಮ್ಮೆ ಹೇಳಿದ್ದಕ್ಕೆ ಅವತ್ತೆಲ್ಲ ಅತ್ತರು. ಈಗ ನಾನು "ಚಾ ಕುಡಿದು ಹೊರಡಜ್ಜ, ಇನ್ನೂ ಹೊತ್ತೈತಿ" ಅಂತ ಕೂರಿಸಿ, ಒಗೆದ ಟವೆಲ್ಲು ಮುಂದಿಡುತ್ತೇನೆ. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒತ್ತಿ ಒತ್ತಿ ಮಡಚುತ್ತಾರೆ. ನೂಲು ಎದ್ದಿದ್ದರೆ ಎರಡು ಬೆರಳಲ್ಲಿ ಹಿಡಿದು ತೆಗೆಯುತ್ತಾರೆ. ಬೆಳಕು ಹರಿಯುವಷ್ಟರಲ್ಲಿ ಸಮಾಧಾನ ಆಗಿರುತ್ತೆ.

ಸೇರಿಸಿದ ಮೇಲೆ ಮೈಮೇಲೆ ಬಾಸುಂಡೆ, ಬೈಗುಳ, ಹೆದರಿಕೆ ಏನಾದರೂ ಕಂಡರೆ ಮೊದಲು ಮೇಲಿನವರನ್ನು ಕೇಳಿ. ಸರಿಹೋಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಸಂಕೋಚ ಬೇಡ.

ಅಮ್ಮನನ್ನು ಬಿಟ್ಟು ಹೋಗುವ ದಿನ ಅವರ ಬಗ್ಗೆ ಒಂದು ಹಾಳೆ ಬರೆದುಕೊಡಿ. ಮನೆಯಲ್ಲಿ ಏನಂತ ಕರೆಯುತ್ತೀರಿ, ಚಹಾಕ್ಕೆ ಸಕ್ಕರೆ ಹಾಕಬಹುದಾ, ಯಾವ ದೇವರಿಗೆ ಕೈ ಮುಗಿಯುತ್ತಾರೆ, ಹಳೆ ಸೀರೆ ಹೊದ್ದರೇ ನಿದ್ದೆ ಬರುತ್ತಾ, ಎಲ್ಲ ಇರಲಿ. ಎಲೆ ಅಡಿಕೆ ಅಭ್ಯಾಸ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಒಬ್ಬ ಅಜ್ಜಿ ದಿಂಬಿನ ಕೆಳಗೆ ಕುಟ್ಟಾಣಿ ಬಚ್ಚಿಟ್ಟುಕೊಂಡಿದ್ದರು, ನುಂಗಲು ಕಷ್ಟ ಇದ್ದವರು, ಅಡಿಕೆ ಚೂರು ಗಂಟಲಿಗೆ ಸಿಕ್ಕಿ ನಮ್ಮ ಜೀವವೇ ಹೋದಂಗಾಯ್ತು. ಮೊದಲೇ ಗೊತ್ತಿದ್ದರೆ ಡಾಕ್ಟರನ್ನು ಕೇಳಿ ಏನಾದರೂ ದಾರಿ ಹುಡುಕುತ್ತಿದ್ದೆವು.

ಮೊದಲ ವಾರದಲ್ಲಿ ಒಂದು ದಿನ ಊಟದ ಹೊತ್ತಿಗೇ ಬನ್ನಿ. ಅಮ್ಮನ ಚೆನ್ನಾಗಿರುವ ಕಡೆ ಕೂತು ನೀವೇ ನಾಲ್ಕು ತುತ್ತು ಉಣ್ಣಿಸಿ. ಹೇಗೆ ಅಂತ ಗೊತ್ತಾಗದಿದ್ದರೆ ಪಕ್ಕದಲ್ಲಿರುವ ಆಯಾನ ಕೇಳಿ, ತೋರಿಸಿಕೊಡುತ್ತಾರೆ.