'21 ಜಂಪ್ ಸ್ಟ್ರೀಟ್' ನಗುವುದು ಯಾರನ್ನು ನೋಡಿ?

2012ರ '21 ಜಂಪ್ ಸ್ಟ್ರೀಟ್' ನೋಡಿ ನೀವು ಬಿದ್ದು ಬಿದ್ದು ನಕ್ಕಿರಿ, ಕಾಲೇಜಿಗೆ ಹೋಗುವ ತಂಗಿ ಅರ್ಧಕ್ಕೇ ಎದ್ದು ಹೋದಳು, ಈ ಸಿನಿಮಾ ಗೇ ಹುಡುಗರನ್ನು ಆಡಿಕೊಳ್ಳುತ್ತಾ ಅಂತ ಕೇಳಿದ್ದೀರಿ. ಸಿನಿಮಾ ಆಡಿಕೊಳ್ಳಲು ಹೊರಟಿದ್ದು ತನ್ನ ಇಬ್ಬರು ನಾಯಕರಲ್ಲಿ ಒಬ್ಬನಾದ ಜೆಂಕೋನನ್ನೇ. ಆದರೂ ನಿಮ್ಮ ತಂಗಿ ಎದ್ದು ಹೋಗಿದ್ದು ಸರಿ ಅಂತಲೇ ನನಗನ್ನಿಸುತ್ತದೆ.

ಚಾನಿಂಗ್ ಟೇಟಮ್ ಮಾಡಿದ ಈ ಜೆಂಕೋ 2005ರಲ್ಲಿ ಹೈಸ್ಕೂಲಿನ ಹೀರೋ. ಜೋನಾ ಹಿಲ್ ಮಾಡಿದ ಶ್ಮಿಟ್ ಅಲ್ಲಿ ಎಲ್ಲರ ಗೇಲಿಗೆ ಸಿಕ್ಕಿದವನು. ಆಮೇಲೆ ಇಬ್ಬರೂ ಪೊಲೀಸರಾಗುತ್ತಾರೆ, ಡ್ರಗ್ಸ್ ಜಾಲ ಹಿಡಿಯೋಕೆ ವಿದ್ಯಾರ್ಥಿಗಳ ಥರ ಮತ್ತೆ ಹೈಸ್ಕೂಲಿಗೆ ಹೋಗುತ್ತಾರೆ. ಜೆಂಕೋ ಹತ್ತಿರ ಹಳೇ ನಿಯಮಗಳಿವೆ: ಬ್ಯಾಗ್ ಒಂದೇ ಹೆಗಲಿಗೆ ಹಾಕಬೇಕು, ಕಷ್ಟಪಟ್ಟು ಓದುವವರನ್ನು ಕಂಡರೆ ನಗಬೇಕು. ಅಲ್ಲಿ ನೋಡಿದರೆ ಬ್ಯಾಗ್ ಎರಡೂ ಹೆಗಲ ಮೇಲಿದೆ, ಪರಿಸರದ ಬಗ್ಗೆ ಮಾತಾಡುವ ಎರಿಕ್ ಅನ್ನೋ ಹುಡುಗ ಎಲ್ಲರಿಗೂ ಅಚ್ಚುಮೆಚ್ಚು. ತಲೆಮಾರು ಅಂದರೆ ಅಪ್ಪ ಮಗನ ಅಂತರ ಅಂದುಕೊಳ್ಳುತ್ತೇವೆ ಅಲ್ವಾ, ಇಲ್ಲಿ ಗಂಡಸುತನದ ಲೆಕ್ಕ ತಲೆಕೆಳಗಾಗೋಕೆ ಏಳೇ ವರ್ಷ ಸಾಕಾಯಿತು.

ಮೊದಲ ದಿನವೇ ಜೆಂಕೋ ಒಬ್ಬ ಹುಡುಗನಿಗೆ ಗುದ್ದುತ್ತಾನೆ. ಆ ಹುಡುಗ ಗೇ ಅಂತ ಆಮೇಲೆ ಗೊತ್ತಾಗುತ್ತದೆ. ನೀನು ಗೇ ಅಂತ ಹೊಡೆದಿದ್ದಲ್ಲ ಅಂತ ಜೆಂಕೋ ಸಮಜಾಯಿಷಿ ಕೊಡುತ್ತಾನೆ. ಅವನಿಗೆ ಅದು ನಿಜವಾಗಿಯೂ ಒಳ್ಳೆಯ ಉತ್ತರ ಅನ್ನಿಸಿದೆ, ನಗು ಹುಟ್ಟುವುದೂ ಅಲ್ಲೇ. ನಾನೂ ಮೊದಲ ಸಲ ನಕ್ಕಿದ್ದೆ. ನಮ್ಮ ಪಿಯುಸಿ ದಿನಗಳಲ್ಲಿ 'ಹೆಣ್ಣಿಗ' ಅನ್ನೋದು ದಿನಾ ಕಿವಿಗೆ ಬೀಳುತ್ತಿದ್ದ ಬೈಗುಳ, ಹಾಗಾಗಿ ಹೊಡೆದವನು ಪೆದ್ದನಾಗೋದೇ ನನಗೆ ದೊಡ್ಡ ವಿಷಯ ಅನ್ನಿಸಿತ್ತು. ಈಚೆಗೆ ಅಕ್ಕನ ಮಗನ ಜೊತೆ ಮತ್ತೆ ನೋಡಿದೆ. ಅವನಿಗೆ ಹತ್ತೊಂಬತ್ತು. ನಗಲಿಲ್ಲ. "ಮಾಮ, ಏಟು ತಿಂದವನ ಬಗ್ಗೆ ನಮಗೆ ಏನು ಗೊತ್ತಾಯ್ತು?" ಅಂದ. ಯೋಚಿಸಿದರೆ ಏನೂ ಇಲ್ಲ. ಅವನ ಮನೆ, ಗೆಳೆಯರು, ಇಷ್ಟ ಯಾವುದೂ ಕಥೆಗೆ ಬೇಕಾಗಲಿಲ್ಲ. ಜೆಂಕೋಗೆ ಪಾಠ ಆಗಲಿ ಅಂತ ಒಬ್ಬ ಹುಡುಗ ಏಟು ತಿಂದು ಹೋದ.

ನಟ ಐಸ್ ಕ್ಯೂಬ್ ಮಾಡಿದ ಪೊಲೀಸ್ ಕ್ಯಾಪ್ಟನ್ ಹಾಗಲ್ಲ. ಸದಾ ಬೈಯುವ ಕಪ್ಪು ಅಧಿಕಾರಿ ಅನ್ನೋ ಹಳೇ ಅಚ್ಚಿನ ಪಾತ್ರವೇ, ಆದರೆ ಅದನ್ನು ಅವನೇ ಬಾಯಿಬಿಟ್ಟು ಹೇಳುತ್ತಾನೆ. ತನ್ನ ಬಗ್ಗೆ ತಾನೇ ಮಾತಾಡೋ ಅವಕಾಶ ಅವನಿಗೆ ಸಿಕ್ಕಿದೆ. ಬ್ರೀ ಲಾರ್ಸನ್ ಮಾಡಿದ ಮಾಲಿ ಅನ್ನೋ ಪಾತ್ರಕ್ಕೆ ಶ್ಮಿಟ್ ಪ್ರೀತಿಸುವ ಹುಡುಗಿ ಅನ್ನೋದಕ್ಕಿಂತ ಜಾಸ್ತಿ ಜಾಗ ಸಿಕ್ಕಿಲ್ಲ.

ಹೀಗಂತ ಸಿನಿಮಾ ಬಿಟ್ಟುಬಿಡಿ ಅನ್ನಲಾರೆ. ನನಗೆ ತುಂಬಾ ಇಷ್ಟವಾದದ್ದು ಜೆಂಕೋ ಕೆಮಿಸ್ಟ್ರಿ ಹುಡುಗರ ಜೊತೆ ಬೆರೆಯುವ ಭಾಗ. ಹಿಂದೆ ಇಂಥವರನ್ನೇ ಗೇಲಿ ಮಾಡುತ್ತಿದ್ದವನು ಈಗ ಅವರ ಪಕ್ಕ ಕೂತು ಕಲಿಯುತ್ತಾನೆ, ಖುಷಿಪಡುತ್ತಾನೆ, ಕೊನೆಯ ಚೇಸ್‌ನಲ್ಲಿ ಆ ಕೆಮಿಸ್ಟ್ರಿಯೇ ಅವನ ಕೈಹಿಡಿಯುತ್ತದೆ. ಶ್ಮಿಟ್‌ಗೆ ಬೀಳಬೇಕಿದ್ದ ಗುಂಡಿಗೂ ಅವನೇ ಅಡ್ಡ ಬರುತ್ತಾನೆ. ಅಷ್ಟು ಮೈಕಟ್ಟಿನವನು 'ನನಗೆ ಗೊತ್ತಿಲ್ಲ, ಹೇಳಿಕೊಡಿ' ಅನ್ನುವ ಹಾಗಾಗುವುದನ್ನು ಆಕ್ಷನ್ ಕಾಮಿಡಿಯಲ್ಲಿ ನಾನು ಜಾಸ್ತಿ ನೋಡಿಲ್ಲ.

ತಂಗಿ ಯಾವ ದೃಶ್ಯದಲ್ಲಿ ಎದ್ದಳು ಅಂತ ಕೇಳಿ ನೋಡಿ. ಆ ಏಟಿನ ಜಾಗದಲ್ಲೇ ಆಗಿದ್ದರೆ, ಅವಳಿನ್ನೂ ಬದಲಾದ ಜೆಂಕೋನನ್ನು ನೋಡೇ ಇಲ್ಲ. ನೀವು ಏಟು ತಿಂದ ಹುಡುಗನನ್ನು ಸರಿಯಾಗಿ ನೋಡಿಲ್ಲ.